ಅನ್ನಮ್ಮನ ಮಂಟಪ

ಮಂಟಪದ ಬೆನ್ನಿನಿಂದ ಬಿಚ್ಚಿಟ್ಟ ಹಲಗೆಯ ಮೇಲೆ ಅವನ ಹೆಸರು ಕಂಡ ಕೂಡಲೇ ನತಾಲಿನ್‌ಗೆ ಕಿವಿಯ ತುದಿಯವರೆಗೂ ಬಿಸಿ ಏರಿತು.

ವೆಂಕಟ್ರಮಣ. ಅಂಗೈಯಗಲದ ಕನ್ನಡ ಅಕ್ಷರಗಳು. ಉಳಿಯಲ್ಲಿ ಆಳವಾಗಿ, ಅವಸರವಿಲ್ಲದೆ ಕೆತ್ತಿದ್ದು.

ಆ ಹೆಸರಿನವನು ಏಣಿಯ ಮೇಲಿದ್ದ. ಮೇಲ್ತುದಿಯ ದೇವದೂತನ ರೆಕ್ಕೆಗೆ ಹೊಡೆದ ಬೆಣೆಯನ್ನು ಸಡಿಲಿಸುತ್ತ ಏನನ್ನೋ ಗುನುಗುತ್ತಿದ್ದ. ಒಂದು ವಾರದಿಂದ ಆ ಗುನುಗು ಅವಳಿಗೆ ಇಷ್ಟವಾಗಿತ್ತು. ಈಗ ಅದನ್ನು ಕೇಳಿದರೂ ಮೈ ಉರಿಯಿತು.

“ಕೆಳಗಿಳೀರಿ.”

“ಎಂತ ಆಯ್ತು ಟೀಚರ್?”

“ಇಳೀರಿ ಅಂದೆ.”

ಅವನು ಇಳಿದ. ರೆಪ್ಪೆಯ ಮೇಲೆ ಧೂಳು ಕೂತಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಅವಳ ಬೆರಳು ಹಲಗೆಯ ಕಡೆ ಚಾಚಿದ್ದು ಕಂಡಾಗ ಆ ನಗು ನಿಂತಿತು.

“ಇದು ನಿಮ್ಮ ಹೆಸರಲ್ವಾ?”

“ನನ್ನ ಹೆಸರೇ. ಆದ್ರೆ...”

“ನೂರು ವರ್ಷದ ಮಂಟಪ ಇದು. ನಮ್ಮಜ್ಜಿ, ಅವರಮ್ಮ ಎಲ್ಲರೂ ಮೊಣಕಾಲೂರಿದ ಜಾಗ. ಬಿಚ್ಚಿಕೊಡಿ ಅಂತ ಕರೆಸಿದ್ರೆ, ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ಗೀಚೋ ಹಾಗೆ ಹೆಸರು ಕೆತ್ತಿದ್ದೀರಲ್ಲ, ನಾಚಿಕೆ ಆಗಲ್ವಾ?”

“ಒಂದು ಮಾತು ಕೇಳಿ. ನಾನು ಕೆತ್ತಿದ್ದಲ್ಲ.”

“ಮತ್ತೆ ಹಲಗೆ ತಾನೇ ಕೆತ್ತಿಕೊಂಡಿತಾ?”

ಅವನು ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಅದು ೧೯೬೪ರ ಮಾರ್ಚ್ ತಿಂಗಳು. ಹೊಳೆಸಂಪಿಗೆ ಹೊಸನಗರ ತಾಲ್ಲೂಕಿನ ಶರಾವತಿ ದಂಡೆಯ ಊರು. ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದು ನಿಂತಿತ್ತು. ಆ ಮಳೆಗಾಲಕ್ಕೆ ನೀರು ಊರಿನ ತನಕ ಬರುತ್ತದೆಂದು ನೋಟೀಸು ಅಂಟಿಸಿದ್ದರು. ಅರ್ಧಕ್ಕರ್ಧ ಮನೆಗಳು ಆಗಲೇ ಹೆಂಚು ಇಳಿಸಿ ಬೋಳಾಗಿದ್ದವು. ಮರ ಕಡಿಯುವ ಸದ್ದು, ಲಾರಿಯ ಕೆಂಪು ಧೂಳು, ಯಾರೂ ಕಟ್ಟಿಹಾಕದ ನಾಯಿಗಳು. ಇಷ್ಟೇ ಊರು.

ಊರಿನ ಇಗರ್ಜಿಗೆ ಯೇಸುವಿನ ಅಜ್ಜಿ ಸಂತ ಅನ್ನಮ್ಮನ ಹೆಸರು. ಜಂಬಿಟ್ಟಿಗೆಯ ಗೋಡೆಗಳನ್ನು ಹೊತ್ತೊಯ್ಯಲು ಆಗುತ್ತಿರಲಿಲ್ಲ. ಬಲಿಪೀಠದ ಹಿಂದಿನ ಮರದ ಮಂಟಪವನ್ನು ಮಾತ್ರ ಬಿಚ್ಚಿ, ರಿಪ್ಪನ್‌ಪೇಟೆ ದಾರಿಯಲ್ಲಿ ಕಟ್ಟುತ್ತಿದ್ದ ಹೊಸ ಇಗರ್ಜಿಗೆ ಸಾಗಿಸಬೇಕಿತ್ತು. ಎರಡಾಳೆತ್ತರದ ಸಾಗುವಾನಿ ಮಂಟಪ. ನಾಲ್ಕು ಕಂಬಗಳಿಗೆ ಬಳ್ಳಿ ಸುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ಯೇಸುವಿನ ಕಡೆಯ ಊಟ. ಹನ್ನೆರಡು ಜನ ಶಿಷ್ಯರೂ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಮುಂದೆ ಬಾಳೆಲೆ. ನಡುವೆ ಸಂತ ಅನ್ನಮ್ಮ, ಮಡಿಲಿಗೆ ಒರಗಿದ ಪುಟ್ಟ ಮರಿಯಮ್ಮನಿಗೆ ಓದು ಕಲಿಸುತ್ತಿದ್ದಳು. ನತಾಲಿನ್ ಇಗರ್ಜಿಯ ಶಾಲೆಯಲ್ಲಿ ಟೀಚರ್. ಹುಡುಗಿಯಾಗಿದ್ದಾಗಿನಿಂದ ಅವಳು ಪ್ರಾರ್ಥನೆ ಮಾಡಿದ್ದಕ್ಕಿಂತ ಆ ಅನ್ನಮ್ಮನನ್ನು ನೋಡಿದ್ದೇ ಜಾಸ್ತಿ.

ಇಡೀ ಮಂಟಪದಲ್ಲಿ ಒಂದು ಮೊಳೆ ಇರಲಿಲ್ಲ. ಎಲ್ಲ ಬೆಣೆ, ಎಲ್ಲ ಕೊರೆದ ಕೀಲು. ಅದನ್ನು ಬಿಚ್ಚಬಲ್ಲವರು ಮರ, ಗಂಧ ಕೆತ್ತುವ ಸಾಗರದ ಗುಡಿಗಾರರು ಮಾತ್ರ ಎಂದು ವೆಂಕಟ್ರಮಣನನ್ನು ಕರೆಸಿದ್ದರು. ನತಾಲಿನ್ ಬಿಚ್ಚಿದ ತುಂಡುಗಳಿಗೆ ನಂಬರು ಬರೆಯುತ್ತಿದ್ದಳು. ಬೆಲ್ಲದ ನೀರು ಕೊಡುವಾಗ ಅವನು ಲೋಟವನ್ನೇ ನೋಡುತ್ತಿದ್ದ. ಅವಳು ತಿರುಗಿದ ಮೇಲೆ ಅವಳನ್ನು ನೋಡುತ್ತಿದ್ದ. ಅದು ಅವಳಿಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಅದಕ್ಕೇ ಇವತ್ತಿನ ಸಿಟ್ಟು ಇಷ್ಟು ದೊಡ್ಡದು. ಅವಳು ಅವನನ್ನು ಒಳ್ಳೆಯವನೆಂದು ನಂಬಿಬಿಟ್ಟಿದ್ದಳು.

ನೇರವಾಗಿ ಹೋಗಿ ಗುರ್ಕಾರ ಕಾಯ್ತಾನನಿಗೆ ಹೇಳಿದಳು. ಊರಿನ ಕ್ರೈಸ್ತ ಮನೆಗಳಿಗೆಲ್ಲ ಅವನೇ ಹಿರಿಯ, ಇಗರ್ಜಿಯ ಕೆಲಸಕ್ಕೂ ಶಾಲೆಯ ಕೆಲಸಕ್ಕೂ ಅವನದೇ ಮಾತು. ಕಾಯ್ತಾನ ನಾಲ್ಕು ಜನರನ್ನು ಕರೆದುಕೊಂಡು ಬಂದ. ಹಲಗೆ ನೋಡಿದ. ಅವನ ಮುಖ ಒಂದು ಗಳಿಗೆ ಬೇರೆಯಾಯಿತು. ಆಮೇಲೆ ಅವನು ಕೂಗಾಡಿದ್ದು ಹೆಸರಿನ ಬಗ್ಗೆ ಅಲ್ಲ.

“ಚೀಲ ಬಿಚ್ಚು. ಇನ್ನೂ ಎಂತೆಂತ ಕದ್ದಿದ್ದೀಯೋ ನೋಡ್ತೀನಿ.”

ವೆಂಕಟ್ರಮಣ ಚೀಲವನ್ನು ಮೆಟ್ಟಿಲ ಮೇಲೆ ಸುರಿದ. ಉಳಿಗಳು, ಕೊಡತಿ, ಮಡಚಿದ ಒಂದು ಅಂಗಿ, ಎಲೆಯಡಿಕೆಯ ಡಬ್ಬಿ. ಒಂದೊಂದಾಗಿ ಎತ್ತಿ ಮತ್ತೆ ತುಂಬಿಕೊಂಡ. ಹೋಗುವಾಗ ನತಾಲಿನ್‌ಳನ್ನು ಒಮ್ಮೆ ನೋಡಿದ. ಅಂಥ ನೋಟವನ್ನು ಅವಳು ಅದುವರೆಗೆ ಯಾರ ಕಣ್ಣಲ್ಲೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಚಾಕು ಹಿಡಿದು ಆ ಹೆಸರನ್ನು ಕೆರೆದು ಹಾಕಲು ಹೋದಳು. ಪೂರ್ವದ ಕಿಟಕಿಯಿಂದ ಬಿಸಿಲು ನೇರ ಹಲಗೆಯ ಮೇಲೆ ಬಿದ್ದಿತ್ತು. ಹೊಸದಾಗಿ ಕೆತ್ತಿದ ಸಾಗುವಾನಿ ಒಳಗೆ ಹೊಂಬಣ್ಣಕ್ಕಿರಬೇಕು. ಈ ಅಕ್ಷರಗಳ ಒಳಗೆ ಮೇಣದ ಬತ್ತಿಯ ಮಸಿ ಗಟ್ಟಿಯಾಗಿ ಕೂತಿತ್ತು. ನಿನ್ನೆ ಅವನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಹೊಸದರಂತೆ ಕಂಡಿತ್ತು, ಅಷ್ಟೇ. ಹೆಸರಿನ ಕೆಳಗೆ ಕಣಜದ ಮಣ್ಣಿನ ಗೂಡೊಂದಿತ್ತು. ಚಾಕುವಿನಿಂದ ತಟ್ಟಿದಾಗ ಅದು ಉದುರಿ, ಅಡಿಯಲ್ಲಿ ಇನ್ನೊಂದು ಸಾಲು ಕಾಣಿಸಿತು. ಗುಡಿಗಾರ, ಸಾಗರ, ೧೮೬೩.

ಅವಳು ನೆಲದ ಮೇಲೆ ಕೂತುಬಿಟ್ಟಳು.

ಅವಳ ಅಪ್ಪ ಇನಾಸ ಇಗರ್ಜಿಯ ಗಂಟೆ ಹೊಡೆಯುವವನು. ಕಣ್ಣು ಅರ್ಧ ಮಂಜಾಗಿತ್ತು. ಮನೆಯಲ್ಲಿ ಅವರದು ಕೊಂಕಣಿ. ಅವಳು ಒಳಗೆ ಬಂದದ್ದೇ ಕೇಳಿದಳು.

“ಪಪ್ಪಾ, ಮಂಟಪ ಗೋವೆಯಿಂದ ಬಂದದ್ದಲ್ವಾ?”

ಇನಾಸ ಬಾಗಿಲು ಮುಂದೆ ಮಾಡಿ ಬಂದು ಕೂತ. “ಒಬ್ಬ ಗುಡಿಗಾರ ಮೂರು ವರ್ಷ ನಮ್ಮ ಜಗಲಿ ಮೇಲೆ ಮಲಗ್ತಿದ್ದ ಅಂತ ನನ್ನ ಅಜ್ಜ ಹೇಳ್ತಿದ್ರು.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಗುರ್ಕಾರರ ಮುತ್ತಜ್ಜ ಹಡಗಿನಲ್ಲಿ ತಂದದ್ದು ಅಂತ ಬಾಗಿಲಲ್ಲಿ ಕಲ್ಲು ಹಾಕಿದ್ದಾರಲ್ಲ ನತಾ. ಕಲ್ಲಿನ ಎದುರು ನಾನೆಂಥ ಹೇಳಲಿ.”

ಅವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಇಗರ್ಜಿಯ ಕಡೆಯಿಂದ ಗರಗಸದ ಸದ್ದು ಕೇಳಿತು.

ಕಾಯ್ತಾನ ಬೇರೊಬ್ಬ ಬಡಗಿಯನ್ನು ಕರೆಸಿದ್ದ. ಕೀಲು ಬಿಚ್ಚಲು ಬಾರದೆ ಆ ಮನುಷ್ಯ ಬಲಗಡೆಯ ಕಂಬವನ್ನು ಕೊಯ್ಯುತ್ತಿದ್ದ. ಬಳ್ಳಿಯ ಮೇಲೆ ಒಂದಂಗುಲ ಗಾಯ ಆಗಿತ್ತು. ನತಾಲಿನ್ ಓಡಿಹೋಗಿ ಗರಗಸಕ್ಕೂ ಕಂಬಕ್ಕೂ ನಡುವೆ ನಿಂತಳು.

“ಇದನ್ನ ಕೊಯ್ಯೋದಾದ್ರೆ ನನ್ನ ಕೈ ಕೊಯ್ದು ಆಮೇಲೆ ಕೊಯ್ಯಿ.”

ಬಡಗಿ ಗರಗಸ ಕೆಳಗಿಟ್ಟ. ಕಾಯ್ತಾನ ಹಲ್ಲು ಕಡಿದ. “ನೀನೇ ಅವನನ್ನ ಓಡಿಸಿದ್ದು. ಈಗ ನೀನೇ ಅಡ್ಡ ನಿಲ್ತೀಯ?”

“ಹೌದು, ನಾನೇ ಓಡಿಸಿದ್ದು. ನಾನೇ ಕರ್ಕೊಂಡು ಬರ್ತೀನಿ.”

ಎರಡು ಮೈಲಿ ನಡೆದು, ಬಸ್ಸು ಹಿಡಿದು ಸಾಗರ ತಲುಪಿದಾಗ ಮಧ್ಯಾಹ್ನ. ಗುಡಿಗಾರರ ಕೇರಿಯಲ್ಲಿ ಪ್ರತಿ ಜಗಲಿಯಿಂದಲೂ ಗಂಧದ ವಾಸನೆ. ಅವನು ಒಂದು ಕಂಬಕ್ಕೆ ಒರಗಿ ಕೂತು, ಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ ಹೂವು ಕೊರೆಯುತ್ತಿದ್ದ. ಅವಳ ನೆರಳು ಪೆಟ್ಟಿಗೆಯ ಮೇಲೆ ಬಿದ್ದರೂ ತಲೆ ಎತ್ತಲಿಲ್ಲ.

“ತಪ್ಪಾಯ್ತು ಅಂತ ಹೇಳೋಕೆ ಬಂದೆ.”

“ಹೇಳಿದ್ರಲ್ಲ. ನಾಲ್ಕಕ್ಕೆ ಬಸ್ಸಿದೆ.”

“ಆ ಹೆಸರು ಯಾರದು?”

“ನನ್ನಜ್ಜನ ಅಜ್ಜಂದು. ಅವರ ಹೆಸರನ್ನೇ ನನಗಿಟ್ಟಿದ್ದಾರೆ. ನಮ್ಮ ಮನೇಲಿ ಎಲ್ಲರಿಗೂ ಗೊತ್ತು, ಹೊಳೆಸಂಪಿಗೆಯ ಇಗರ್ಜಿ ಮಾಡಿದ್ದು ಯಾರು ಅಂತ. ನಿಮ್ಮೂರಲ್ಲೇ ಯಾರಿಗೂ ಗೊತ್ತಿಲ್ಲ.”

“ಇದನ್ನ ನಿನ್ನೇನೇ ಬಾಯಿಬಿಟ್ಟು ಹೇಳಬಾರದಿತ್ತಾ?”

ಅವನು ಉಳಿ ಕೆಳಗಿಟ್ಟ. ಮೊದಲ ಸಲ ನೋಡಿದ. “ಹೇಳೋಕೆ ಬಿಟ್ರಾ?”

“ಬಿಡದಿದ್ರೆ ಹಿಂದೆ ಬರಬೇಕಿತ್ತು. ಏಣಿ ಹಾಗೆ ನಿಂತಿದ್ರಿ.”

“ತಪ್ಪಾಯ್ತು ಅಂತ ಹೇಳೋಕೆ ಬಂದು ಜಗಳ ಮಾಡ್ತೀರಲ್ಲ ಮಾರಾಯ್ತಿ.”

“ನಂಗೆ ತಪ್ಪಾಯ್ತು ಅಂತ ಹೇಳಿ ಅಭ್ಯಾಸ ಇಲ್ಲ.”

ಒಳಗಿನಿಂದ ಅವನ ತಾಯಿ ದುಗ್ಗಮ್ಮ ಎರಡು ಲೋಟ ಕಾಫಿ ಹಿಡಿದು ಬಂದಳು. ಇಬ್ಬರ ಮುಖವನ್ನೂ ನೋಡಿ, “ಜಗಳ ಆರೋಕೆ ಮುಂಚೆ ಕಾಫಿ ಆರ್ತದೆ, ಕುಡೀರಿ,” ಎಂದು ಅವಳನ್ನು ಹತ್ತಿರ ಕೂರಿಸಿಕೊಂಡಳು. “ಇವನ ಚೀಲ ಬಿಚ್ಚಿಸಿದ್ರಂತೆ ಮಗಳೆ. ನಿನ್ನೆಯಿಂದ ಅನ್ನ ಸರಿ ತಿಂದಿಲ್ಲ.”

ನತಾಲಿನ್ ಲೋಟವನ್ನು ಕೆಳಗಿಟ್ಟಳು.

“ಎಷ್ಟು ಜನದ ಎದುರು ಚೀಲ ಬಿಚ್ಚಿದ್ರೋ, ಅಷ್ಟೂ ಜನದ ಎದುರು ಹೇಳ್ತೀನಿ. ಭಾನುವಾರ ಬನ್ನಿ.”

ತಿಂಗಳಿಗೆರಡು ಭಾನುವಾರ ತೀರ್ಥಹಳ್ಳಿ ಕಡೆಯಿಂದ ಫಾದರ್ ಬರುತ್ತಿದ್ದರು. ಆ ಭಾನುವಾರ ಪೂಜೆ ಮುಗಿದು ಜನ ಹೊರಬರುವಾಗ ನತಾಲಿನ್ ಮೆಟ್ಟಿಲ ಮೇಲೆ ನಿಂತಳು. ಇಗರ್ಜಿಯ ಅಂಗಳದಲ್ಲಿ ಎಲ್ಲರೂ ಕೊಂಕಣಿ ಆಡುವವರೇ. ಅವಳು ಕನ್ನಡದಲ್ಲಿ ಮಾತಾಡಿದಳು. ಅಂಗಳದ ಆಚೆ ನಿಂತವನಿಗೆ ಅರ್ಥವಾಗಬೇಕಿತ್ತು.

“ವೆಂಕಟ್ರಮಣ ಅವರು ಹೆಸರು ಕೆತ್ತಿಲ್ಲ, ಏನೂ ಕದ್ದಿಲ್ಲ. ನಾನು ನೋಡದೆ ಸುಳ್ಳು ಹೇಳಿದೆ. ಆ ಹೆಸರು ಮಂಟಪ ಮಾಡಿದವರದು. ಅದು ಗೋವೆಯಿಂದ ಬಂದದ್ದಲ್ಲ. ಬೇಕಾದವರು ಒಳಗೆ ಹೋಗಿ ನೋಡಿ.”

ಯಾರೂ ಒಳಗೆ ಹೋಗಲಿಲ್ಲ. ಎಲ್ಲರೂ ಕಾಯ್ತಾನನ ಮುಖ ನೋಡಿದರು. ಅವನು ಕೊಡೆ ಬಿಡಿಸಿ ಹೊರಟುಹೋದ. ಫಾದರ್ ಮಾತ್ರ ಕನ್ನಡಕ ಸರಿಮಾಡಿಕೊಂಡು, “ಮಳೆಗೆ ಮುಂಚೆ ಮಂಟಪ ಇಳಿಸಿ. ಉಳಿದದ್ದು ಆಮೇಲೆ,” ಎಂದರು. ಅವರಿಗೆ ಇಂಥ ಹತ್ತು ಊರುಗಳಿದ್ದವು.

ಮುಂದಿನ ಹನ್ನೆರಡು ದಿನ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು.

ಅನ್ನಮ್ಮನ ಮೇಲೆ ಯಾವುದೋ ಕಾಲದಲ್ಲಿ ಬಳಿದ ನೀಲಿ ಪೇಂಟು ಹೊಪ್ಪಳೆ ಎದ್ದಿತ್ತು. ಅದನ್ನು ತೆಗೆಯದೆ ಲಾರಿಗೆ ಹಾಕಿದರೆ ಮರದ ಚಕ್ಕೆಯೂ ಅದರ ಜೊತೆ ಏಳುತ್ತದೆ ಎಂದ ವೆಂಕಟ್ರಮಣ. ಬಿಸಿ ಮಾಡಿದ ಚೂರಿಯಿಂದ ಅವನು ಪದರ ಎಬ್ಬಿಸುತ್ತಿದ್ದ, ಅವಳು ಬಟ್ಟೆಯಿಂದ ಒರೆಸುತ್ತಿದ್ದಳು. ಅನ್ನಮ್ಮನ ಕೈಯಲ್ಲಿದ್ದದ್ದು ಪುಸ್ತಕವೆಂದು ಅವಳು ಇಷ್ಟು ದಿನ ತಿಳಿದಿದ್ದಳು. ಪೇಂಟು ಹೋದ ಮೇಲೆ ಅದು ಓಲೆಗರಿಯಾಯಿತು. ಗರಿಯ ಮೇಲೆ ಸಾಸಿವೆಯಷ್ಟು ಸಣ್ಣಗೆ ಅ, ಆ, ಇ, ಈ.

ಅವಳ ಕಣ್ಣು ತುಂಬಿತು. “ಇಷ್ಟು ಚೆಂದದ್ದರ ಮೇಲೆ ಪೇಂಟು ಬಳಿದವರ ಕೈ ಮುರಿಯ.”

“ಬಳಿದು ಐವತ್ತು ವರ್ಷ ಆಗಿರಬೇಕು. ಕೈ ಮಣ್ಣಾಗಿರ್ತದೆ.”

“ಆದ್ರೂ ಸರಿ.”

ಅವನು ನಕ್ಕ. ಚೂರಿಯನ್ನು ಹಾಗೇ ಹಿಡಿದು ಒಮ್ಮೆ ಅನ್ನಮ್ಮನನ್ನು, ಒಮ್ಮೆ ಅವಳನ್ನು ನೋಡಿದ.

“ಎಂತ ನೋಡ್ತೀರಿ?”

“ಸಿಟ್ಟು ಬಂದಾಗ ನಿಮ್ಮ ಎಡಗಡೆ ಹುಬ್ಬು ಸ್ವಲ್ಪ ಮೇಲೆ ಹೋಗ್ತದೆ. ಈ ಅಮ್ಮಂಗೂ ಹಾಗೇ ಇದೆ.”

ಅವಳು ಬೇಡವೆಂದರೂ ಕೈ ಹುಬ್ಬಿಗೆ ಹೋಯಿತು. ಮೂರು ವರ್ಷ ಅವಳ ಮನೆಯ ಜಗಲಿಯಲ್ಲಿ ಮಲಗಿದವನು ಯಾರ ಮುಖ ನೋಡಿ ಅನ್ನಮ್ಮನನ್ನು ಕೆತ್ತಿದ್ದನೋ. ಕೇಳಲು ಯಾರೂ ಉಳಿದಿರಲಿಲ್ಲ. ಅವಳಿಗೆ ಆ ಸತ್ತವನ ಮೇಲೂ ಸಿಟ್ಟು ಬಂತು.

“ಮೂರು ವರ್ಷ ಇದ್ದು, ಇಷ್ಟೆಲ್ಲ ಮಾಡಿ, ಕೊನೆಗೆ ಹೆಸರನ್ನ ಗೋಡೆಗೆ ಮುಖ ಮಾಡಿ ಕೆತ್ತಿ ಹೋದ್ರಲ್ಲ. ಮುಂದುಗಡೆ ಕೆತ್ತೋ ಧೈರ್ಯ ಇರಲಿಲ್ವಾ?”

“ಮುಂದುಗಡೆ ಜಾಗ ಕೊಡ್ತಿದ್ರಾ ನಿಮ್ಮೋರು?” ಅವನ ದನಿ ಗಡುಸಾಯಿತು. “ದೇವರನ್ನ ಮಾಡೋಕೆ ನಾವು ಬೇಕು. ಮಾಡಿ ಆದ ಮೇಲೆ ಹೊಸ್ತಿಲಾಚೆ ನಿಲ್ಲಬೇಕು. ಇಗರ್ಜಿ ಅಂತಲ್ಲ, ನಮ್ಮ ದೇವಸ್ಥಾನದಲ್ಲೂ ಅಷ್ಟೇ.”

ಅವನು ಚೂರಿಯನ್ನು ಮತ್ತೆ ಕೆಂಡಕ್ಕಿಟ್ಟ. ಆಮೇಲೆ ಅವನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, ಅವಳ ಗಲ್ಲಕ್ಕೆ ಅಂಟಿದ್ದ ನೀಲಿ ಚಕ್ಕೆಯೊಂದನ್ನು ಒರೆಸಿದ. ಬೆರಳು ತಾಗಲಿಲ್ಲ. ಬಟ್ಟೆ ಮಾತ್ರ ತಾಗಿತು. ಅವತ್ತು ಸಂಜೆ ಮನೆಗೆ ಹೋದ ಮೇಲೂ ಅವಳು ಆ ಗಲ್ಲವನ್ನು ತೊಳೆಯಲಿಲ್ಲ.

ಲಾರಿ ಬಂದ ದಿನ ಕಾಯ್ತಾನನೂ ಬಂದ. ಅವನ ಕೈಯಲ್ಲಿ ಬಡಗಿಯ ಕೀಸುಳಿ ಇತ್ತು.

“ಹಲಗೆ ಸಾಪು ಮಾಡಿ ಲಾರಿಗೆ ಹಾಕಿ. ಹೊಸ ಇಗರ್ಜಿಗೆ ಆ ಹೆಸರು ಬರಬಾರದು.”

“ಅದು ಗೋಡೆ ಕಡೆಗಿರೋ ಹಲಗೆ,” ಎಂದಳು ನತಾಲಿನ್. “ಯಾರ ಕಣ್ಣಿಗೂ ಬೀಳಲ್ಲ. ಅಷ್ಟಕ್ಕೂ ನಿಮಗೆ ಭಯ ಯಾಕೆ?”

“ನಮ್ಮ ಮನೆತನದ ಹೆಸರು ಕಲ್ಲಲ್ಲಿದೆ. ಅದು ಸುಳ್ಳು ಅಂತ ನಾಳೆ ಯಾವನೋ ಹೇಳಬಾರದು.”

“ಸುಳ್ಳೇ ಅದು.”

ಅವಳು ಹಲಗೆಗೆ ಬೆನ್ನು ಕೊಟ್ಟು ನಿಂತಳು. ಲಾರಿಯ ಡ್ರೈವರ್ ನಾಗರಾಜಪ್ಪ ಹಗ್ಗ ಹಿಡಿದುಕೊಂಡು ಬೆರಗಾಗಿ ನೋಡುತ್ತಿದ್ದ. ಕಾಯ್ತಾನ ಅವಳ ಜೊತೆ ಮತ್ತೆ ಮಾತಾಡಲಿಲ್ಲ. ವೆಂಕಟ್ರಮಣನ ಹೆಗಲ ಮೇಲೆ ಕೈಯಿಟ್ಟು, ಫಾದರ್ ಬಟ್ಟೆ ಬದಲಿಸುವ ಪಕ್ಕದ ಕೋಣೆಗೆ ಕರೆದುಕೊಂಡು ಹೋದ. ಐದು ನಿಮಿಷ ಕಳೆದಿರಬೇಕು. ಹೊರಗೆ ಬಂದಾಗ ಕೀಸುಳಿ ವೆಂಕಟ್ರಮಣನ ಕೈಯಲ್ಲಿತ್ತು.

“ಸ್ವಲ್ಪ ಸರೀರಿ ಟೀಚರ್.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಹಲಗೆಯನ್ನು ನೆಲಕ್ಕೆ ಮಲಗಿಸಿ, ಮೊಣಕಾಲೂರಿ, ಕೀಸುಳಿ ಎಳೆದ. ಮರದ ಸುರುಳಿಗಳು ಎದ್ದವು. ಮೊದಲು ಕಪ್ಪು, ಆಮೇಲೆ ಹೊಂಬಣ್ಣ. ಹನ್ನೊಂದು ಸಲ ಎಳೆದ. ಹೆಸರು, ಊರು, ವರ್ಷ ಎಲ್ಲ ಹೋಯಿತು.

“ನಿಮಗೆ ಸಿಟ್ಟೇ ಬರಲ್ವಾ?” ಅವಳು ಒಂದು ಸುರುಳಿ ಎತ್ತಿ ಅವನ ಮುಂದೆ ಎಸೆದಳು. “ಇಡೀ ಊರಿನ ಎದುರು ನಾನು ನಿಂತೆ. ನೀವು ನಿಮ್ಮ ಕೈಯಾರೆ ಒರೆಸಿ ಹಾಕಿದ್ರಿ.”

“ಬರ್ತದೆ ಟೀಚರ್,” ಎಂದ ಅವನು, ತಲೆ ಎತ್ತದೆ. “ತುಂಬಾ ಬರ್ತದೆ.”

ಮೇ ತಿಂಗಳ ಹೊತ್ತಿಗೆ ಊರಿನವರೆಲ್ಲ ರಿಪ್ಪನ್‌ಪೇಟೆ ದಾರಿಯ ಕಾಲೊನಿಗೆ ಬಂದಿದ್ದರು. ಅಲ್ಲಿನ ಹೊಸ ಇಗರ್ಜಿಯಲ್ಲಿ ಮಂಟಪ ಎದ್ದಿತು. ಒಂದು ಕೀಲೂ ತಪ್ಪಲಿಲ್ಲ. ಅವನು ಹದಿನೈದು ದಿನ ಅಲ್ಲಿದ್ದ. ನತಾಲಿನ್ ನಂಬರು ಬರೆದ ಪುಸ್ತಕವನ್ನು ಅಪ್ಪನ ಕೈಯಲ್ಲಿ ಕಳಿಸಿದಳೇ ಹೊರತು ತಾನು ಹೋಗಲಿಲ್ಲ. ಎರಡು ಸಲ ದಾರಿಯಲ್ಲಿ ಎದುರಾದಾಗ ಅವನು ನಿಂತ. ಅವಳು ನಿಲ್ಲಲಿಲ್ಲ. ಮನೆಗೆ ಬಂದು ಪಾತ್ರೆಗಳನ್ನು ಸದ್ದು ಮಾಡಿ ತೊಳೆದಳು.

ಅವನು ಸಾಗರಕ್ಕೆ ಮರಳಿದ ಮೇಲೆ ಸಿಟ್ಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವನ ಜೊತೆ ಜಗಳ ಶುರುವಾಗುತ್ತಿತ್ತು, ಮನಸ್ಸಿನಲ್ಲೇ. ತರಕಾರಿ ಹೆಚ್ಚುವಾಗ, ಬಟ್ಟೆ ಒಣಗಿಸುವಾಗ, ಪ್ರಾರ್ಥನೆಯ ನಡುವೆ. ಜಗಳದಲ್ಲಿ ಅವನು ಉತ್ತರ ಕೊಡುತ್ತಿದ್ದ, ನಗುತ್ತಿದ್ದ, ಕೆಲವೊಮ್ಮೆ ಸೋಲುತ್ತಿದ್ದ. ಒಂದು ದಿನ ಅವಳಿಗೆ ಹೊಳೆಯಿತು, ತಾನು ಇಷ್ಟು ಹೊತ್ತು ಯಾರ ಜೊತೆಯೂ ಯಾವತ್ತೂ ಮಾತಾಡಿಲ್ಲ ಎಂದು.

ಜೂನ್ ಮೊದಲ ವಾರ ಶಾಲೆ ತೆರೆಯಿತು. ಹೊಸ ಇಗರ್ಜಿಯ ಬಾಗಿಲಲ್ಲಿ ಅಮೃತಶಿಲೆಯ ಕಲ್ಲು ಕೂತಿತ್ತು. ಕಾಯ್ತಾನನ ಮುತ್ತಜ್ಜ, ಗೋವೆ, ಹಡಗು, ಎಲ್ಲ ಇತ್ತು. ಶಾಲೆಯಿಂದ ಬಂದು ಅವಳು ಅಪ್ಪನ ಎದುರು ಆ ಕಲ್ಲನ್ನೂ, ಹೆಸರು ಒರೆಸಿದವನನ್ನೂ ಒಟ್ಟಿಗೆ ಬೈದಳು.

“ಅವನನ್ನ ಬೈಬೇಡ ನತಾ,” ಎಂದ ಇನಾಸ.

“ಯಾಕೆ?”

“ಅವತ್ತು ನಾನು ಪಕ್ಕದ ಕೋಣೇಲಿ ಬಟ್ಟೆಗಳನ್ನ ಪೆಟ್ಟಿಗೆಗೆ ಹಾಕ್ತಿದ್ದೆ. ಗುರ್ಕಾರರು ನನ್ನನ್ನ ನೋಡಲಿಲ್ಲ. ಇಲ್ಲ, ನೋಡಿದ್ರೂ ಲೆಕ್ಕಕ್ಕೆ ಇಡಲಿಲ್ಲ.” ಇನಾಸ ತನ್ನ ಮಂಜು ಕಣ್ಣನ್ನು ಉಜ್ಜಿಕೊಂಡ. “ಅವನಿಗೆ ಎಂತ ಅಂದ್ರು ಗೊತ್ತಾ? ಹೆಸರು ಉಳಿದ್ರೆ ನತಾಲಿನ್‌ಗೆ ಹೊಸ ಶಾಲೇಲಿ ಕೆಲಸ ಇಲ್ಲ. ನಿಂಗೂ ಅವಳಿಗೂ ಸಂಬಂಧ ಅಂತ ಊರೆಲ್ಲ ಹೇಳಿಸ್ತೀನಿ, ಅವಳನ್ನ ಯಾರೂ ಮದುವೆ ಆಗಲ್ಲ. ಹಾಗಂದ್ರು. ಅವನು ಒಂದೇ ಮಾತು ಕೇಳಿದ. ಹೆಸರು ತೆಗೆದ್ರೆ ಅವರ ತಂಟೆಗೆ ಬರಲ್ವಾ ಅಂತ.”

ನತಾಲಿನ್ ಅಪ್ಪನನ್ನೇ ನೋಡಿದಳು. “ನೀವು ಅಲ್ಲೇ ಇದ್ರಿ.”

“ಇದ್ದೆ.”

“ಎರಡು ತಿಂಗಳು ಸುಮ್ಮನಿದ್ರಿ.”

“ಇದ್ದೆ. ನಂಗೆ ಭಯ ನತಾ. ಹುಟ್ಟಿದಾಗಿಂದ.”

ಅವಳು ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗಿ, ಕರಿಹಲಗೆಯ ಮೇಲೆ ಮಕ್ಕಳಿಗೆ ಮಗ್ಗಿ ಬರೆದುಕೊಟ್ಟು, ಕಾಯ್ತಾನನ ಮನೆಗೆ ನಡೆದಳು. ಅವನು ಹೊಸ ಮನೆಯ ಅಂಗಳಕ್ಕೆ ಕಲ್ಲು ಹಾಸಿಸುತ್ತಿದ್ದ. ಅವಳು ರಾಜೀನಾಮೆಯ ಕಾಗದವನ್ನು ಅವನ ಕೈಗೆ ಕೊಟ್ಟಳು.

“ಎಂಥದಿದು?”

“ನನ್ನ ಕೆಲಸ ಇಟ್ಕೊಂಡು ನೀವು ವ್ಯಾಪಾರ ಮಾಡಿದ್ರಲ್ಲ, ಅದನ್ನ ವಾಪಸ್ ಕೊಡ್ತಿದ್ದೀನಿ. ಊರೆಲ್ಲ ಹೇಳಿಸ್ತೀನಿ ಅಂದ್ರಂತೆ. ಹೇಳಿಸೋ ಶ್ರಮ ಬೇಡ, ನಾನೇ ಹೇಳ್ತೀನಿ.”

“ಹುಚ್ಚು ಹಿಡಿದಿದೆ ನಿಂಗೆ.”

“ಇರಬಹುದು ಗುರ್ಕಾರ್ರೆ. ಆದ್ರೆ ನಿಮ್ಮ ಎದುರು ನಿಂತಾಗ ಕಾಲು ನಡುಗ್ತಿಲ್ಲ ನೋಡಿ, ಅದೇ ನಂಗೆ ಆಶ್ಚರ್ಯ.”

ಸಾಗರದ ಬಸ್ಸಿನಲ್ಲಿ ಕೂತಾಗ ಕಾಲು ನಡುಗಿತು. ತೊಡೆಯ ಮೇಲೆ ಎರಡೂ ಕೈ ಒತ್ತಿ ಹಿಡಿದುಕೊಂಡಳು.

ಅವನು ಜಗಲಿಯಲ್ಲಿರಲಿಲ್ಲ, ಹಿತ್ತಿಲಲ್ಲಿ ಮರದ ದಿಮ್ಮಿಗಳನ್ನು ಒಟ್ಟುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ದಿಮ್ಮಿ ಹಾಗೇ ಹಿಡಿದು ನಿಂತ.

“ಅದನ್ನ ಕೆಳಗಿಡಿ. ನಿಮಗೆ ಬೈಬೇಕು.”

ಅವನು ಕೆಳಗಿಟ್ಟ. ಹೆಗಲ ಬಟ್ಟೆಯಲ್ಲಿ ಕೈ ಒರೆಸಿಕೊಂಡ. “ಬೈಯಿರಿ.”

“ನನ್ನ ಕೆಲಸ ಉಳಿಸಿ ಅಂತ ನಾನು ಕೇಳಿದ್ನಾ?”

ಕೋಣೆಯ ಮಾತು ಅವಳಿಗೆ ತಿಳಿದಿದೆ ಎಂದು ಅವನಿಗೆ ಗೊತ್ತಾಯಿತು.

“ನನ್ನ ಮದುವೆ ಉಳಿಸಿ ಅಂತ ಕೇಳಿದ್ನಾ? ನನ್ನ ಮರ್ಯಾದೆಗೆ ನಿಮ್ಮ ಅಜ್ಜನ ಹೆಸರು ಕೊಡಿ ಅಂತ ಕೇಳಿದ್ನಾ? ಐದು ನಿಮಿಷ ಆ ಕೋಣೇಲಿ ನಿಂತು ಇಬ್ಬರು ಗಂಡಸರು ನನ್ನ ಬಾಳು ತೀರ್ಮಾನ ಮಾಡಿದ್ರಿ. ಬಾಗಿಲಾಚೆಗೇ ಇದ್ದೆ ನಾನು. ಒಂದು ಮಾತು ಕೇಳಬಹುದಿತ್ತು.”

“ಕೇಳಿದ್ರೆ ನೀವು ಬೇಡ ಅಂತಿದ್ರಿ.”

“ಅದಕ್ಕೇ ಕೇಳಬೇಕಿತ್ತು.”

“ತಪ್ಪಾಯ್ತು,” ಎಂದ ಅವನು. ಅವನಿಗೆ ಆ ಮಾತು ಸುಲಭವಾಗಿ ಬಂತು. ಅವಳಿಗೆ ಅದೂ ಸಿಟ್ಟು.

“ಯಾಕೆ ಮಾಡಿದ್ರಿ ಹಾಗೆ?”

“ಹೆಸರು ಹಲಗೇಲಿತ್ತು. ನೀವು ಮಾತ್ರ ಬದುಕಿರೋರು.” ಅವನು ಮಾತು ಹುಡುಕಿದ. “ಅವತ್ತು ಮೆಟ್ಟಿಲ ಮೇಲೆ ನಿಂತು ಕನ್ನಡದಲ್ಲಿ ಮಾತಾಡಿದ್ರಲ್ಲ. ನಮ್ಮೋರಿಗೋಸ್ಕರ ಇಲ್ಲೀವರೆಗೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಅವತ್ತಿಂದ ನಂಗೆ ನಿಮ್ಮನ್ನ ಬಿಟ್ರೆ ಬೇರೆ ಯೋಚನೆ ಇಲ್ಲ. ಹೇಳೋ ಹಾಗಿರಲಿಲ್ಲ. ನಿಮ್ಮ ದೇವರು ಬೇರೆ, ನಮ್ಮ ಮನೆ ಬೇರೆ. ಹೇಳಿದ್ರೆ ಗುರ್ಕಾರ ಹೇಳಿದ್ದೇ ನಿಜ ಆಗ್ತಿತ್ತು.”

“ಆಗಲಿ.”

“ಎಂತ?”

“ನಿಜ ಆಗಲಿ ಅಂದೆ. ಕೆಲಸ ಬಿಟ್ಟು ಬಂದಿದ್ದೀನಿ.”

ಅವನು ಅವಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ, ಆದರೆ ಕುತ್ತಿಗೆಯವರೆಗೂ ಕೆಂಪಾಗಿದ್ದಳು. ಹಿತ್ತಿಲ ಬಾಗಿಲಲ್ಲಿ ದುಗ್ಗಮ್ಮ ಬಂದು ನಿಂತು, ಇಬ್ಬರನ್ನೂ ನೋಡಿ, ಒಳಗೆ ಹೋದಳು.

“ನತಾಲಿನ್,” ಎಂದ ಅವನು. ಟೀಚರ್ ಎನ್ನದೆ ಅವಳ ಹೆಸರು ಕರೆದದ್ದು ಅದೇ ಮೊದಲು. “ಸಿಟ್ಟು ಇಳೀತಾ?”

“ಇಲ್ಲ. ಇದು ಬೇಗ ಇಳಿಯೋ ಸಿಟ್ಟಲ್ಲ. ನನ್ನ ಜೊತೆ ಇರೋದಾದ್ರೆ ಇದರ ಜೊತೆಗೇ ಇರಬೇಕು. ನೀವು ನಿಮ್ಮ ದೇವರಿಗೆ ಕೈ ಮುಗೀರಿ, ನಾನು ನನ್ನ ಅನ್ನಮ್ಮನ ಹತ್ತಿರ ಹೋಗ್ತೀನಿ. ಆದ್ರೆ ನನ್ನನ್ನ ಕೇಳದೆ ನನಗಾಗಿ ಏನನ್ನೂ ಬಿಟ್ಟುಕೊಡಬಾರದು. ಆಗ್ತದಾ?”

“ಆಗ್ತದೆ.”

“ಯೋಚನೆ ಮಾಡಿ ಹೇಳಿ.”

“ಮಾರ್ಚಿಂದ ಯೋಚನೆ ಮಾಡಿದ್ದೀನಿ ಮಾರಾಯ್ತಿ,” ಎಂದು ಅವನು ಅವಳ ಕೈ ಹಿಡಿದ. ಒರಟು ಕೈ, ಬೆರಳಿನ ಸಂದಿಯಲ್ಲೆಲ್ಲ ಗಂಧದ ಪುಡಿ. ಅವಳು ಬಿಡಿಸಿಕೊಳ್ಳಲಿಲ್ಲ.

ಶಿವಮೊಗ್ಗದ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಗೆ ಅರ್ಜಿ ಕೊಟ್ಟು ಮೂವತ್ತು ದಿನ ಕಾಯಬೇಕಿತ್ತು. ಆ ಮೂವತ್ತು ದಿನ ಅವಳು ಅಪ್ಪನ ಮನೆಯಲ್ಲೇ ಇದ್ದಳು. ಕಾಲೊನಿಯಲ್ಲಿ ಅರ್ಧ ಜನ ಮಾತು ಬಿಟ್ಟರು. ಕಾಯ್ತಾನ ಇನಾಸನನ್ನು ಕರೆಸಿ, ಮಗಳು ಹೊರಗಿನವನನ್ನು ಮದುವೆಯಾದರೆ ಗಂಟೆಯ ಹಗ್ಗ ಬೇರೆಯವರಿಗೆ ಕೊಡುತ್ತೇನೆ ಎಂದ. ಇನಾಸ ತಲೆ ತಗ್ಗಿಸಿ ಕೇಳಿಸಿಕೊಂಡು ಬಂದ. ಆ ಮಾತು ನತಾಲಿನ್‌ಳ ಕಿವಿಗೂ ಬಿತ್ತು. ಅವಳು ಅವನನ್ನು ಮದುವೆಗೆ ಬಾ ಎಂದು ಕರೆಯಲಿಲ್ಲ.

ಜುಲೈ ತಿಂಗಳ ಕೊನೆಗೆ ಮದುವೆಯ ದಿನ ಬಂತು. ಕೆಳಗೆ ಹೊಳೆಸಂಪಿಗೆಯಲ್ಲಿ ನೀರು ಇಗರ್ಜಿಯ ಕಿಟಕಿಯ ಮಟ್ಟಕ್ಕೆ ಬಂದಿದೆಯೆಂದು ಜನ ಹೇಳುತ್ತಿದ್ದರು. ಅವಳು ನೋಡಲು ಹೋಗಲಿಲ್ಲ.

ಕಚೇರಿಯಲ್ಲಿ ಮೂರು ಜನ ಸಾಕ್ಷಿ ಬೇಕಿತ್ತು. ದುಗ್ಗಮ್ಮ ಹೆಬ್ಬೆಟ್ಟು ಒತ್ತಿದಳು. ಲಾರಿಯ ನಾಗರಾಜಪ್ಪ, “ಆ ಹಲಗೆ ವಿಷಯದಲ್ಲಿ ನಾನೂ ಸುಮ್ಮನೆ ನಿಂತೆ,” ಎಂದು ಸಹಿ ಹಾಕಿದ. ಮೂರನೆಯವರಾಗಿ ಬರುತ್ತೇನೆಂದಿದ್ದ ಗುಡಿಗಾರ ಕೇರಿಯ ಹಿರಿಯರೊಬ್ಬರು ಬರಲಿಲ್ಲ. ಅವರಿಗೂ ಅವರ ಜನ ಏನೋ ಹೇಳಿದ್ದರು. ಗುಮಾಸ್ತ ಗಡಿಯಾರ ನೋಡಿದ. ವೆಂಕಟ್ರಮಣ ಬಾಗಿಲಿಗೂ ಮೇಜಿಗೂ ಓಡಾಡಿದ. ನತಾಲಿನ್‌ಳ ಕಣ್ಣಲ್ಲಿ ಬೆಂಕಿಯಂಥ ನೀರು ತುಂಬಿತು.

ಆಗ ಹೊರಗಿನ ಪಡಸಾಲೆಯಲ್ಲಿ ಯಾರೋ ಗೋಡೆ ತಡವಿಕೊಂಡು ಬರುವ ಸದ್ದಾಯಿತು.

ಇನಾಸ. ಹಬ್ಬದ ಕೋಟು ಹಾಕಿದ್ದ, ಗುಂಡಿ ತಪ್ಪಿಸಿ ಹಾಕಿದ್ದ. ಒಬ್ಬನೇ ಎರಡು ಬಸ್ಸು ಬದಲಿಸಿ ಬಂದಿದ್ದ.

“ಪಪ್ಪಾ, ನಿಮ್ಮನ್ನ ಇಗರ್ಜಿಯಿಂದ ತೆಗೆದು ಹಾಕ್ತಾರೆ.”

“ಬೆಳಿಗ್ಗೇನೇ ಬೀಗದ ಕೈ ಕೊಟ್ಟು ಬಂದೆ,” ಎಂದ ಇನಾಸ. ಅವನ ದನಿಯಲ್ಲಿ ಅವಳು ಕೇಳಿರದ ಒಂದು ಖಾರವಿತ್ತು. “ಕೊಡುವಾಗ ಆ ಕಾಯ್ತಾನನಿಗೆ ಎಂತ ಹೇಳಬೇಕೋ ಅದನ್ನೂ ಹೇಳಿದೆ. ಎಲ್ಲಿ ಸಹಿ ಹಾಕಬೇಕು ತೋರಿಸು. ನಂಗೆ ಗೆರೆ ಕಾಣಲ್ಲ.”

ನತಾಲಿನ್ ಅಪ್ಪನ ಬೆರಳು ಹಿಡಿದು ಕಾಗದದ ಮೇಲಿಟ್ಟಳು. ಅವನು ನಿಧಾನವಾಗಿ, ಒತ್ತಿ ಒತ್ತಿ ಬರೆದ. ಬರೆದು ಮುಗಿಸಿ, ಎದುರಿಗಿದ್ದ ಮಸುಕು ಆಕಾರದ ಕಡೆ ತಿರುಗಿ ಅಳಿಯನೆಂದು ಊಹಿಸಿ, “ಇವಳಿಗೆ ಸಿಟ್ಟು ಜಾಸ್ತಿ,” ಎಂದ.

“ಗೊತ್ತು ಮಾವ. ಆದ್ರೆ ಅಳಿಯ ಈ ಕಡೆ ಇದ್ದಾನೆ, ಅದು ನಾಗರಾಜಪ್ಪ,” ಎಂದ ವೆಂಕಟ್ರಮಣ.

ಮೊದಲು ನಕ್ಕದ್ದು ನತಾಲಿನ್.